ಬಡ ಹುಲ್ಲು, ಕಡಿಮೆ ಸಾಮಾನು

ಮನೆಯಲ್ಲಿ ಅಣಬೆ ಬೆಳೆಯುವ ಆಸೆ ಹುಟ್ಟಿದವರ ಕೈಗೆ ಮೊದಲು ಸಿಗುವುದು ಒಂದು ಉದ್ದನೆಯ ಪಟ್ಟಿ. ಸ್ಪಾನ್, ಕೇಸಿಂಗ್, ಫ್ಲಶ್ ಎಂಬ ಪದಗಳು ಒಂದು ಕಡೆ. ಆಟೋಕ್ಲೇವ್, ಲ್ಯಾಮಿನಾರ್ ಫ್ಲೋ, ಪೆಟ್ರಿ ತಟ್ಟೆ, ಹ್ಯುಮಿಡಿಫೈಯರ್ ಎಂಬ ಸಾಮಾನುಗಳು ಇನ್ನೊಂದು ಕಡೆ. ಇದನ್ನೆಲ್ಲ ಓದಿದವರಲ್ಲಿ ಕೆಲವರು ಹೆದರಿ ಕೈಬಿಡುತ್ತಾರೆ, ಕೆಲವರು ಅಣಬೆಯ ಮುಖ ನೋಡುವ ಮೊದಲೇ ಸಾವಿರಾರು ರೂಪಾಯಿ ಸುರಿಯುತ್ತಾರೆ. ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆ ಒಂದೇ: ಈ ಸಾಮಾನು ಯಾವ ತೊಂದರೆಯನ್ನು ತಡೆಯಲು ಹುಟ್ಟಿದ್ದು, ಆ ತೊಂದರೆ ನನ್ನ ಮನೆಯಲ್ಲಿ ಇದೆಯೇ? ತೊಂದರೆ ಎಷ್ಟು ದೊಡ್ಡದು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಅಣಬೆಗೆ ನಾವು ಕೊಡುವ ಮೇವು. ಮೇವು ಸಮೃದ್ಧವಾದಷ್ಟೂ ಅದಕ್ಕೆ ಬಾಯಿ ಹಾಕುವ ಸೂಕ್ಷ್ಮಜೀವಿಗಳು ಹೆಚ್ಚು, ಶುಚಿತ್ವವೂ ಅಷ್ಟೇ ಬಿಗಿಯಾಗಬೇಕು, ಯಂತ್ರಗಳೂ ಅಷ್ಟೇ ಬೇಕು. ಮನೆಯ ಬೆಳೆಗಾರರು ಬಡ ಮೇವನ್ನೂ ಬೇಗ ಹಬ್ಬುವ ಅಣಬೆಯನ್ನೂ ಆರಿಸಿಕೊಂಡರೆ ಆ ಪಟ್ಟಿಯ ದುಬಾರಿ ಭಾಗ ತಾನಾಗಿ ಉದುರಿಹೋಗುತ್ತದೆ.

ಇದು ಯಾಕೆ ಹೀಗೆ ಎಂದು ತಿಳಿಯಲು ಅಣಬೆ ಎಂಬ ಜೀವಿಯ ಬಾಳನ್ನು ಸ್ವಲ್ಪ ನೋಡಬೇಕು. ನಾವು ಸಾರು-ಪಲ್ಯಕ್ಕೆ ಬಳಸುವ ಕೊಡೆಯಂಥ ಭಾಗ ಒಂದು ಶಿಲೀಂಧ್ರದ ಫಲ ಮಾತ್ರ. ಅದರ ನಿಜವಾದ ದೇಹ ಹುಲ್ಲು, ಮರ, ಮಣ್ಣಿನ ಒಳಗೆ ಹಬ್ಬಿರುವ ಬಿಳಿ ಎಳೆಗಳ ಬಲೆ. ಅದಕ್ಕೆ ಕವಕಜಾಲ ಎನ್ನುತ್ತಾರೆ. ಬಲೆ ಬಲಿತು, ಹವಾಮಾನ ಹದವಾದಾಗ ಕೊಡೆ ಏಳುತ್ತದೆ. ಕೊಡೆಯ ಕೆಳಗಿನ ಪದರಗಳಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಬೀಜಕಗಳು ಲಕ್ಷಗಟ್ಟಲೆ ಉದುರುತ್ತವೆ. ಹಸಿರು ಗಿಡಗಳ ಹಾಗೆ ಬಿಸಿಲಿನಿಂದ ಆಹಾರ ತಯಾರಿಸುವ ಶಕ್ತಿ ಇದಕ್ಕಿಲ್ಲ. ಸತ್ತ ಸಸ್ಯಗಳನ್ನು ಕರಗಿಸಿ ಹೀರಿಕೊಳ್ಳಬೇಕು. ಅದೇ ಸತ್ತ ಹುಲ್ಲಿನ ಮೇಲೆ ಹಸಿರು ಬೂಷ್ಟು, ಕಪ್ಪು ಬೂಷ್ಟು, ಬ್ಯಾಕ್ಟೀರಿಯಾ ಎಲ್ಲಕ್ಕೂ ಕಣ್ಣು. ಹೀಗಾಗಿ ಅಣಬೆ ಕೃಷಿಯ ಬಹುಪಾಲು ಕೆಲಸವೆಂದರೆ, ಒಂದೇ ಮೇವಿಗೆ ನಡೆಯುವ ಪೈಪೋಟಿಯಲ್ಲಿ ನಮಗೆ ಬೇಕಾದ ಒಂದು ಶಿಲೀಂಧ್ರವನ್ನು ಗೆಲ್ಲಿಸುವುದು. ಇಲ್ಲಿ ಬಳಕೆಯಲ್ಲಿರುವ ಪ್ರತಿ ಪದವೂ ಈ ಪೈಪೋಟಿಯ ಒಂದೊಂದು ಹಂತದ ಹೆಸರು.

ಗೆಲ್ಲಿಸುವ ಕೆಲಸ ಅಣಬೆಯ ಆಯ್ಕೆಯಿಂದಲೇ ಶುರುವಾಗುತ್ತದೆ. ಅಂಗಡಿಯಲ್ಲಿ ಹೆಚ್ಚು ಕಾಣುವ ಬಟನ್ ಅಣಬೆಗೆ ಹದವಾಗಿ ಕೊಳೆಸಿದ ಕಾಂಪೋಸ್ಟ್ ಬೇಕು. ಎಳೆ ಹಬ್ಬಲು 22ರಿಂದ 25 ಡಿಗ್ರಿ ಸೆಲ್ಸಿಯಸ್, ಕೊಡೆ ಏಳಲು 14ರಿಂದ 18 ಡಿಗ್ರಿ ಬೇಕು. ನಮ್ಮ ರಾಜ್ಯದ ಬಹುತೇಕ ಕಡೆ ತಂಪು ಯಂತ್ರವಿಲ್ಲದೆ ಇದು ಆಗದ ಮಾತು. ಚಿಪ್ಪಣಬೆಯ ಸ್ವಭಾವವೇ ಬೇರೆ. ಅದು ಮರವನ್ನು ಕೊಳೆಸುವ ಜಾತಿಯದು. ಸೆಲ್ಯುಲೋಸನ್ನಷ್ಟೇ ಅಲ್ಲ, ಹುಲ್ಲಿಗೆ ಗಡಸುತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನೂ ಒಡೆಯಬಲ್ಲ ಕಿಣ್ವಗಳು ಅದಕ್ಕಿವೆ. ಸುಲಭವಾಗಿ ಸಿಗುವ ಸಕ್ಕರೆ ಅಂಶಕ್ಕೆ ಮುಗಿಬೀಳುವ ಸಾಮಾನ್ಯ ಬೂಷ್ಟುಗಳಿಗೆ ಈ ಶಕ್ತಿ ಇಲ್ಲ. ಆದ್ದರಿಂದ ಸಕ್ಕರೆ ಕಡಿಮೆ, ಸಾರಜನಕ ಇನ್ನೂ ಕಡಿಮೆ ಇರುವ ಒಣ ಭತ್ತದ ಹುಲ್ಲಿನ ಮೇಲೆ ಚಿಪ್ಪಣಬೆಯದೇ ಮೇಲುಗೈ. 20ರಿಂದ 30 ಡಿಗ್ರಿಯವರೆಗಿನ ಉಷ್ಣತೆ ಅದಕ್ಕೆ ಒಗ್ಗುತ್ತದೆ. ಭತ್ತದ ಹುಲ್ಲಿನ ಮೇಲೆ ಈ ಅಣಬೆ ಬೆಳೆಸುವ ವಿಧಾನಕ್ಕೆ ನಮ್ಮ ದೇಶದಲ್ಲಿ ಅಡಿಪಾಯ ಬಿದ್ದದ್ದು ಮೈಸೂರಿನಲ್ಲಿ ಎಂಬುದನ್ನೂ ನೆನೆಯಬೇಕು. ಅಲ್ಲಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಜಕಿಯಾ ಬಾನೋ ಮತ್ತು ಎಚ್.ಸಿ. ಶ್ರೀವಾಸ್ತವ 1962ರಲ್ಲಿ ಈ ಕುರಿತ ಅಧ್ಯಯನ ಪ್ರಕಟಿಸಿದರು.

ಮುಂದಿನ ಹಂತ ಬೀಜ. ಬೆಳೆಗಾರರು ಇದನ್ನು ಅಣಬೆ ಬೀಜ ಎಂದೂ ಸ್ಪಾನ್ ಎಂದೂ ಕರೆಯುತ್ತಾರೆ. ಇದು ಬೀಜಕಗಳ ಪುಡಿಯಲ್ಲ. ಬೇಯಿಸಿದ ಜೋಳದಂಥ ಕಾಳಿನ ಮೇಲೆ ಹಬ್ಬಿಸಿದ ಕವಕಜಾಲ. ಹಾಲಿಗೆ ಹೆಪ್ಪು ಹಾಕಿದಂತೆ, ಜೀವಂತವಾದ ಸ್ವಲ್ಪವನ್ನು ಬಹಳಷ್ಟರೊಳಗೆ ಬೆರೆಸುವುದೇ ಇದರ ತತ್ವ. ಈಗ ಮೇವಿನ ಲೆಕ್ಕವನ್ನು ಇಲ್ಲಿಗೆ ಅನ್ವಯಿಸಿ ನೋಡಿ. ಜೋಳದ ಕಾಳು ಪಿಷ್ಟ ತುಂಬಿದ ಶ್ರೀಮಂತ ಮೇವು. ಒಂದು ಕಾಳಿಗೆ ಒಂದು ಬೂಷ್ಟಿನ ಬೀಜಕ ಬಿದ್ದರೂ ಇಡೀ ಬಾಟಲಿ ಹಾಳು. ಅದಕ್ಕೇ ಪ್ರಯೋಗಾಲಯದಲ್ಲಿ ಕಾಳನ್ನು ಬೇಯಿಸಿ, ಅಂಟಿಕೊಳ್ಳದಂತೆ ಜಿಪ್ಸಂ ಮತ್ತು ಸೀಮೆಸುಣ್ಣದ ಪುಡಿ ಬೆರೆಸಿ, ಆಟೋಕ್ಲೇವ್ ಎಂಬ ಒತ್ತಡದ ಹಬೆಪಾತ್ರೆಯಲ್ಲಿ 121 ಡಿಗ್ರಿ ಅಥವಾ ಅದಕ್ಕೂ ಮೇಲೆ ಕಾಯಿಸಿ, ಒಂದು ಜೀವಾಣುವೂ ಉಳಿಯದಂತೆ ಮಾಡುತ್ತಾರೆ. ಇದು ಸಂಪೂರ್ಣ ನಿರ್ಜೀವೀಕರಣ. ಆಮೇಲೆ ಲ್ಯಾಮಿನಾರ್ ಫ್ಲೋ ಎಂಬ ಪೆಟ್ಟಿಗೆಯ ಮುಂದೆ, ಸೂಕ್ಷ್ಮ ಜಾಲರಿಯಿಂದ ಸೋಸಿಬಂದ ಗಾಳಿಯಲ್ಲಿ, ಪೆಟ್ರಿ ತಟ್ಟೆಯಲ್ಲಿ ಬೆಳೆಸಿದ ಶುದ್ಧ ತಳಿಯ ತುಣುಕನ್ನು ಅದಕ್ಕೆ ಸೇರಿಸುತ್ತಾರೆ. ಪಟ್ಟಿಯಲ್ಲಿ ಹೆದರಿಸಿದ ಮೂರು ಸಾಮಾನುಗಳೂ ಈ ಒಂದೇ ಹಂತಕ್ಕೆ ಸೇರಿದವು. ಬೀಜವನ್ನು ಕೊಂಡು ತಂದರೆ ಮೂರೂ ಬೇಡ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅಣಬೆ ಬೀಜ ಒದಗಿಸುತ್ತದೆ, ತರಬೇತಿಯನ್ನೂ ಕೊಡುತ್ತದೆ. ಕೊಳ್ಳುವಾಗ ನೋಡಬೇಕಾದದ್ದು ಇಷ್ಟು: ಕಾಳೆಲ್ಲ ಬೆಳ್ಳಗೆ ಎಳೆ ಹೊದ್ದಿರಬೇಕು, ಹಸಿರು, ಕಪ್ಪು, ಕಿತ್ತಳೆ ಚುಕ್ಕೆ ಇರಬಾರದು, ಹುಳಿ ವಾಸನೆ ಬರಬಾರದು, ತಯಾರಿಸಿದ ದಿನಾಂಕ ಹಳೆಯದಾಗಿರಬಾರದು.

ಎಲ್ಲವನ್ನೂ ನಾವೇ ಮಾಡಿದರಲ್ಲವೇ ಸ್ವಾವಲಂಬನೆ, ಬೀಜಕ್ಕೆ ಬೇರೆಯವರ ಬಾಗಿಲಿಗೆ ಯಾಕೆ ಹೋಗಬೇಕು ಎಂದು ಕೇಳುವವರಿದ್ದಾರೆ. ಆಸಕ್ತಿ ಇರುವವರು ಅದನ್ನೂ ಮುಂದೆ ಕಲಿಯಬಹುದು. ಅಡುಗೆಮನೆಯ ಪ್ರೆಷರ್ ಕುಕ್ಕರಿನ ಒತ್ತಡವೂ ಆಟೋಕ್ಲೇವಿನ ಒತ್ತಡಕ್ಕೆ ಹತ್ತಿರವೇ ಇದೆ. ಆದರೆ ಕಲಿಕೆಯ ಕ್ರಮ ಮುಖ್ಯ. ಬೀಜದಿಂದಲೇ ಶುರುಮಾಡಿದವರ ಚೀಲ ಹಾಳಾದರೆ ತಪ್ಪು ತಳಿಯದೋ, ಕಾಳಿನದೋ, ಹುಲ್ಲಿನದೋ, ಕೋಣೆಯದೋ ತಿಳಿಯುವುದೇ ಇಲ್ಲ. ಒಳ್ಳೆಯ ಬೀಜ ಕೈಯಲ್ಲಿದ್ದರೆ ಹುಡುಕಬೇಕಾದ ಕಾರಣಗಳು ಕಡಿಮೆಯಾಗುತ್ತವೆ. ಮತ್ತೆ ಮತ್ತೆ ನಕಲು ಮಾಡಿದ ತಳಿ ಕ್ರಮೇಣ ಸೊರಗುತ್ತದೆ ಎಂಬುದೂ ಪ್ರಯೋಗಾಲಯದ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಲು ಇನ್ನೊಂದು ಕಾರಣ.

ಮನೆಯ ಬೆಳೆಗಾರರ ಪಾಲಿಗೆ ನಿಜವಾದ ಕೆಲಸ ಹುಲ್ಲಿನ ಹದ. ಹೊಸ ಫಸಲಿನ, ಮಳೆಗೆ ನೆನೆಯದ, ಹೊಂಬಣ್ಣದ ಭತ್ತದ ಹುಲ್ಲನ್ನು ಎರಡು ಅಂಗುಲದಷ್ಟು ತುಂಡುಮಾಡಿ, ಬಟ್ಟೆ ಅಥವಾ ಗೋಣಿಚೀಲಕ್ಕೆ ತುಂಬಿ, ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಹಾಕುತ್ತಾರೆ. ಇದರಿಂದ ಹುಲ್ಲು ನೀರು ಕುಡಿಯುತ್ತದೆ, ಬೂಷ್ಟಿಗೆ ಇಷ್ಟವಾದ ಸಕ್ಕರೆ ಅಂಶದ ಒಂದು ಪಾಲು ನೀರಿಗೆ ಇಳಿದುಹೋಗುತ್ತದೆ. ಬಳಿಕ ಸುಮಾರು 80 ಡಿಗ್ರಿ ಕಾದ ನೀರಿನಲ್ಲಿ ಒಂದು ಗಂಟೆ ಮುಳುಗಿಸಿಡಬೇಕು. ಇದಕ್ಕೆ ಪಾಶ್ಚರೀಕರಣ ಎಂದು ಹೆಸರು. ಬೇಕಾದ ಸಾಮಾನು ಒಂದು ದೊಡ್ಡ ಹಂಡೆ ಅಥವಾ ಡ್ರಮ್ಮು, ಒಲೆ, ಚೀಲದ ಮೇಲೆ ಹೇರಲು ಒಂದು ಕಲ್ಲು, ನೂರು ಡಿಗ್ರಿವರೆಗೆ ತೋರಿಸುವ ಒಂದು ಥರ್ಮಾಮೀಟರ್. ಆ ಥರ್ಮಾಮೀಟರಿಗೆ ಹಣ ಕೊಡುವುದರಲ್ಲಿ ಜುಗ್ಗತನ ಬೇಡ. ಮುಟ್ಟಿದರೆ ಸುಡುವ ನೀರು 60 ಡಿಗ್ರಿಯದೋ 80 ಡಿಗ್ರಿಯದೋ ಕೈಗೆ ತಿಳಿಯುವುದಿಲ್ಲ. ಕೆಲವರು ಬಿಸಿನೀರಿನ ಬದಲು ಕಾರ್ಬೆಂಡಜಿಮ್ ಮತ್ತು ಫಾರ್ಮಾಲಿನ್ ಬೆರೆಸಿದ ತಣ್ಣೀರಿನಲ್ಲಿ ಹುಲ್ಲನ್ನು ಹದಿನೆಂಟು ಗಂಟೆ ನೆನೆಹಾಕುತ್ತಾರೆ. ಉರುವಲು ಉಳಿಯುತ್ತದೆ ಎಂಬುದು ನಿಜ. ಆದರೆ ಫಾರ್ಮಾಲಿನ್ನಿನಲ್ಲಿರುವ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಸೇರಿಸಿದೆ. ನಾಲ್ಕು ಚೀಲ ಬೆಳೆಯುವ ಮನೆಗೆ ಅದರ ಹೊಗೆ ತಂದುಕೊಳ್ಳಲು ತಕ್ಕ ಕಾರಣವಿಲ್ಲ.

ಎಂಬತ್ತು ಡಿಗ್ರಿಯಲ್ಲಿ ಎಲ್ಲ ಜೀವಾಣು ಸಾಯುವುದಿಲ್ಲವಲ್ಲ, ಹುಲ್ಲನ್ನೂ ಕುಕ್ಕರಿನಲ್ಲಿ 121 ಡಿಗ್ರಿಗೆ ಕಾಯಿಸಿದರೆ ಇನ್ನೂ ಒಳ್ಳೆಯದಲ್ಲವೇ ಎಂಬ ಆಕ್ಷೇಪ ಸಹಜ. ಇಲ್ಲಿಯೇ ಅಣಬೆ ಕೃಷಿ ಸಾಮಾನ್ಯ ತರ್ಕವನ್ನು ತಲೆಕೆಳಗು ಮಾಡುತ್ತದೆ. ಪಾಶ್ಚರೀಕರಣದಲ್ಲಿ ಪೈಪೋಟಿಗೆ ಬರುವ ಬಹುತೇಕ ಬೂಷ್ಟುಗಳು, ಹುಳುಗಳ ಮೊಟ್ಟೆಗಳು ಸಾಯುತ್ತವೆ. ಬಿಸಿ ತಡೆಯುವ ಕೆಲವು ಬ್ಯಾಕ್ಟೀರಿಯಾ ಉಳಿಯುತ್ತವೆ. ಅವು ಚಿಪ್ಪಣಬೆಗೆ ಹೆಚ್ಚು ತೊಂದರೆ ಕೊಡುವುದಿಲ್ಲ, ಆದರೆ ಹೊರಗಿನಿಂದ ಬರುವ ಬೂಷ್ಟಿಗೆ ಜಾಗ ಸುಲಭವಾಗಿ ಬಿಟ್ಟುಕೊಡುವುದೂ ಇಲ್ಲ. ಪೂರ್ತಿ ನಿರ್ಜೀವವಾದ ಹುಲ್ಲಿನಲ್ಲಿ ಅಂಥ ತಡೆ ಏನೂ ಉಳಿದಿರುವುದಿಲ್ಲ. ಮನೆಯ ಗಾಳಿಯಲ್ಲಿ ಅದನ್ನು ತೆರೆದಾಗ ಬಿದ್ದ ಮೊದಲ ಬೂಷ್ಟು ಇಡೀ ಚೀಲವನ್ನು ತನ್ನದಾಗಿಸಿಕೊಳ್ಳಬಲ್ಲದು. ಅಂದರೆ ನಿರ್ಜೀವೀಕರಣ ಒಂಟಿಯಾಗಿ ಬರುವುದಿಲ್ಲ. ಅದರ ಬೆನ್ನಿಗೆ ಸೋಸಿದ ಗಾಳಿ, ಮುಚ್ಚಿದ ಕೋಣೆ, ಕೈಗವಸು ಎಲ್ಲವೂ ಬರಬೇಕು. ಇಳುವರಿ ಹೆಚ್ಚಲೆಂದು ಹುಲ್ಲಿಗೆ ಗೋಧಿ ತೌಡೋ ಅಕ್ಕಿ ತೌಡೋ ಬೆರೆಸುವವರು ಎಡವುವುದೂ ಇಲ್ಲೇ. ತೌಡು ಇಳುವರಿಯನ್ನು ನಿಜವಾಗಿಯೂ ಹೆಚ್ಚಿಸಬಲ್ಲದು, ಜತೆಗೆ ಹಸಿರು ಬೂಷ್ಟಿಗೂ ಔತಣ ಹಾಕುತ್ತದೆ. ಮೇವನ್ನು ಶ್ರೀಮಂತಗೊಳಿಸಿದವರು ಶುಚಿತ್ವವನ್ನೂ ಅದಕ್ಕೆ ತಕ್ಕಂತೆ ಏರಿಸಲೇಬೇಕು. ಅದಾಗದಿದ್ದರೆ ಬರೀ ಹುಲ್ಲೇ ಲಾಭ.

ಬಿಸಿನೀರಿನಿಂದ ತೆಗೆದ ಹುಲ್ಲನ್ನು ಶುಭ್ರವಾದ ಇಳಿಜಾರಿನಲ್ಲಿ ಹರಡಿ ನೀರು ಬಸಿದು, ಪೂರ್ತಿ ಆರಿಸಬೇಕು. ತೇವ ಶೇ 65ರಷ್ಟಿರಬೇಕು ಎಂದು ಪುಸ್ತಕಗಳು ಹೇಳುತ್ತವೆ. ಇದನ್ನು ಅಳೆಯಲು ಯಂತ್ರ ಬೇಡ: ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿದಾಗ ಅಂಗೈ ಒದ್ದೆಯಾಗಬೇಕು, ನೀರು ಧಾರೆಯಾಗಿ ಇಳಿಯಬಾರದು. ಈ ಹದದಲ್ಲಿ ಒಂದು ಕಿಲೋ ಒಣಹುಲ್ಲು ಸುಮಾರು ಮೂರು ಕಿಲೋ ತೂಗುತ್ತದೆ. ಅದಕ್ಕೆ ನೂರು ಗ್ರಾಂನಷ್ಟು ಬೀಜ ಸಾಕು. ಚೀಲದಲ್ಲಿ ಒಂದು ಪದರ ಹುಲ್ಲು ಒತ್ತಿ, ಅಂಚಿನ ಸುತ್ತ ಬೀಜ ಉದುರಿಸಿ, ಮತ್ತೆ ಹುಲ್ಲು, ಮತ್ತೆ ಬೀಜ ಹೀಗೆ ನಾಲ್ಕೈದು ಪದರ ತುಂಬಿ ಬಾಯಿ ಕಟ್ಟುತ್ತಾರೆ. ಗಾಳಿಯಾಡಲು ಸುತ್ತ ಹತ್ತು ಹದಿನೈದು ಸಣ್ಣ ತೂತು ಮಾಡುತ್ತಾರೆ. ಈ ಚೀಲದ ವಿಷಯದಲ್ಲೂ ಪಟ್ಟಿ ನಮ್ಮನ್ನು ದಾರಿ ತಪ್ಪಿಸುತ್ತದೆ. ಪಿಪಿ, ಅಂದರೆ ಪಾಲಿಪ್ರೊಪಿಲೀನ್ ಚೀಲದ ವಿಶೇಷ, ಒತ್ತಡದ ಹಬೆಯಲ್ಲೂ ಅದು ಕರಗದೆ ಉಳಿಯುವುದು. ಹುಲ್ಲನ್ನು ಹೊರಗೆ ಹದಮಾಡಿ ಆರಿದ ಮೇಲೆ ತುಂಬುವವರಿಗೆ ಸಾಮಾನ್ಯ ಪಾಲಿಥೀನ್ ಚೀಲವೂ ನಡೆಯುತ್ತದೆ. ಕೈ, ಮೇಜು, ಸೂಜಿ ಒರೆಸಲು ಶೇ 70ರ ಸ್ಪಿರಿಟ್ ಬೇಕು. ಶೇ 100ರದ್ದು ಇನ್ನೂ ಪರಿಣಾಮಕಾರಿ ಎಂದುಕೊಳ್ಳಬೇಡಿ. ಸ್ಪಿರಿಟ್ ಜೀವಾಣುವಿನ ಒಳಹೊಕ್ಕು ಕೆಲಸ ಮಾಡಲು ಅದರಲ್ಲಿ ನೀರಿನ ಅಂಶ ಇರಬೇಕು.

ಮುಂದಿನ ಹದಿನೈದು ಇಪ್ಪತ್ತು ದಿನ ಚೀಲದೊಳಗೆ ಬಿಳಿ ಎಳೆ ಹಬ್ಬುವ ಕಾಲ. ಬೆಳೆಗಾರರ ಮಾತಿನಲ್ಲಿ ಇದು ಸ್ಪಾನ್ ರನ್. ಮಂದ ಬೆಳಕಿನ, ಬಿಸಿಲು ಬೀಳದ ಮೂಲೆ ಸಾಕು. ನೀರು ಚಿಮುಕಿಸುವ ಅಗತ್ಯವಿಲ್ಲ. ಎಳೆಗಳು ಹುಲ್ಲನ್ನು ತಿನ್ನುವಾಗ ಶಾಖ ಹುಟ್ಟುತ್ತದೆ, ಚೀಲದ ಒಳಗು ಕೋಣೆಗಿಂತ ಕೆಲವು ಡಿಗ್ರಿ ಬಿಸಿಯಾಗಿರುತ್ತದೆ. ಹಾಗಾಗಿ ಚೀಲಗಳನ್ನು ಒಂದರ ಮೇಲೊಂದು ಪೇರಿಸಬಾರದು. ಸೋಂಕು ತಗುಲಿದ್ದು ಗೊತ್ತಾಗುವುದೂ ಈ ಹಂತದಲ್ಲೇ. ಹಸಿರು ಮಚ್ಚೆ ಕಂಡರೆ ಅದು ಬಹುಮಟ್ಟಿಗೆ ಟ್ರೈಕೋಡರ್ಮಾ. ಹುಲ್ಲು ಹದಮಾಡುವಾಗ ನೀರಿನ ಕಾವು ಸಾಲದಿರುವುದು ಅಥವಾ ಬೀಜ ಹಾಕುವಾಗಿನ ಕೊಳಕು ಅದಕ್ಕೆ ಕಾರಣ. ತಳದಲ್ಲಿ ಹುಳಿ ವಾಸನೆಯ ನೀರು ನಿಂತಿದ್ದರೆ ಹುಲ್ಲು ಸರಿಯಾಗಿ ಬಸಿದಿಲ್ಲ. ಸೋಂಕಿದ ಚೀಲವನ್ನು ಕೋಣೆಯೊಳಗೆ ಬಿಚ್ಚದೆ ಹಾಗೆಯೇ ಹೊರಗೆ ಒಯ್ದು ಹೂತುಬಿಡಬೇಕು, ಏಕೆಂದರೆ ಹಸಿರು ಎಂದರೆ ಹಾರಲು ಸಿದ್ಧವಾದ ಬೀಜಕಗಳು.

ಚೀಲ ಪೂರ್ತಿ ಬೆಳ್ಳಗಾದ ಮೇಲೆ ಪೈಪೋಟಿ ಬಹುಮಟ್ಟಿಗೆ ಮುಗಿದಂತೆ. ಈಗ ಅಣಬೆಗೆ ಹೊರಗೆ ಬರುವ ಸೂಚನೆ ಕೊಡಬೇಕು. ಪ್ಲಾಸ್ಟಿಕ್ ಸೀಳಿ ಅಥವಾ ತೆಗೆದುಹಾಕಿ, ತಾಜಾ ಗಾಳಿ, ಹಗಲಿನ ಮಂದ ಬೆಳಕು, ಶೇ 80ರಿಂದ 90ರಷ್ಟು ಗಾಳಿಯ ತೇವ ಒದಗಿಸಿದರೆ ಒಂದು ವಾರದೊಳಗೆ ಗುಂಡುಸೂಜಿಯ ತಲೆಯಷ್ಟು ಮೊಗ್ಗುಗಳು ಮೂಡುತ್ತವೆ. ಇವೇ ಪಿನ್‌ಹೆಡ್. ಹ್ಯುಮಿಡಿಫೈಯರ್ ಪ್ರಶ್ನೆ ಬರುವುದು ಇಲ್ಲಿ. ಹತ್ತಾರು ಚೀಲದ ದೊಡ್ಡ ಕೋಣೆಗೆ ಅದು ಬೇಕಾಗಬಹುದು. ನಾಲ್ಕೈದು ಚೀಲಕ್ಕೆ ಸುತ್ತ ಒದ್ದೆ ಗೋಣಿ ಇಳಿಬಿಟ್ಟು, ನೆಲದಲ್ಲಿ ಒದ್ದೆ ಮರಳು ಹರಡಿ, ಕೈ ಸ್ಪ್ರೇಯರಿನಿಂದ ದಿನಕ್ಕೆ ಎರಡು ಮೂರು ಸಲ ಮಂಜಿನಂತೆ ನೀರು ಸಿಂಪಡಿಸಿದರೆ ಆಯಿತು. ಮಳೆಗಾಲದ ಮಲೆನಾಡು, ಕರಾವಳಿಗಳಲ್ಲಿ ಇದೂ ಕಡಿಮೆ ಸಾಕು. ಬಯಲುಸೀಮೆಯ ಮಾರ್ಚ್ ತಿಂಗಳಲ್ಲಿ ಇಷ್ಟೂ ಸಾಲದು. ತೇವ ತೋರಿಸುವ ಸಣ್ಣ ಹೈಗ್ರೋಮೀಟರ್ ಒಂದು ಇಟ್ಟುಕೊಂಡರೆ ಊಹಿಸುವ ಕಷ್ಟ ತಪ್ಪುತ್ತದೆ. ಉಳಿದ ಕೊರತೆಗಳನ್ನು ಅಣಬೆಯ ಆಕಾರವೇ ಹೇಳುತ್ತದೆ. ತೊಟ್ಟು ಉದ್ದವಾಗಿ ಟೋಪಿ ಪುಟ್ಟದಾಗಿದ್ದರೆ ಗಾಳಿಯಾಟ ಸಾಲದೆ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿದೆ. ಟೋಪಿಯ ಅಂಚು ಒಣಗಿ ಬಿರಿದಿದ್ದರೆ ತೇವ ಕಡಿಮೆ. ಮೊಗ್ಗು ಹಳದಿಯಾಗಿ ಮೆತ್ತಗಾಗಿದ್ದರೆ ಅದರ ಮೇಲೆ ನೀರು ನಿಂತಿದೆ.

ಕಲಬುರಗಿ, ರಾಯಚೂರು, ಬಳ್ಳಾರಿಗಳ ಬೇಸಗೆಯಲ್ಲಿ ಚಿಪ್ಪಣಬೆ ಹಿಂಜರಿಯುತ್ತದೆ. ಅಲ್ಲಿಗೆ ಹಾಲಣಬೆ ತಕ್ಕದ್ದು. ಪಶ್ಚಿಮ ಬಂಗಾಳದಲ್ಲಿ 1974ರಲ್ಲಿ ಗುರುತಿಸಲ್ಪಟ್ಟ ಈ ದೇಶೀ ಅಣಬೆಯ ಬೇಸಾಯವನ್ನು ಬೆಳೆಗಾರರ ಮಟ್ಟಕ್ಕೆ ತಂದದ್ದು ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ. 30ರಿಂದ 35 ಡಿಗ್ರಿಯ ಬಿಸಿಯಲ್ಲೂ ಅದು ಚೆನ್ನಾಗಿ ಬರುತ್ತದೆ. ಒಂದೇ ಹೆಚ್ಚುವರಿ ಕೆಲಸವೆಂದರೆ ಕೇಸಿಂಗ್: ಎಳೆ ಹಬ್ಬಿದ ಹುಲ್ಲಿನ ಮೇಲೆ, ಹಬೆಯಲ್ಲಿ ಹದಮಾಡಿದ ಮಣ್ಣು-ಗೊಬ್ಬರ ಅಥವಾ ತೆಂಗಿನ ನಾರಿನ ಪುಡಿಯ ಮಿಶ್ರಣವನ್ನು ಒಂದು ಅಂಗುಲದಷ್ಟು ಹೊದಿಸುವುದು. ಈ ಹೊದಿಕೆ ಪೋಷಣೆ ಕೊಡಲು ಇರುವುದಲ್ಲ. ತೇವ ಹಿಡಿದಿಟ್ಟು ಮೊಗ್ಗೊಡೆಯಲು ನೆರವಾಗುತ್ತದೆ. ಚಿಪ್ಪಣಬೆಗೆ ಇದು ಬೇಡವೇ ಬೇಡ.

ಚಿಪ್ಪಣಬೆಯನ್ನು ಟೋಪಿಯ ಅಂಚು ಮೇಲಕ್ಕೆ ತಿರುಗುವ ಮೊದಲೇ, ಗೊಂಚಲನ್ನು ತಿರುಚಿ ಕೀಳಬೇಕು. ತಡಮಾಡಿದರೆ ಬೀಜಕಗಳು ಉದುರಿ ಕೋಣೆ ತುಂಬುತ್ತವೆ. ಅವನ್ನು ದಿನವೂ ಉಸಿರಾಡುವವರಿಗೆ ಕೆಮ್ಮು, ಅಲರ್ಜಿ ಬರಬಹುದು. ಆದ್ದರಿಂದ ಮಲಗುವ ಕೋಣೆಯಲ್ಲಿ ಚೀಲ ಬೇಡ, ಕೊಯ್ಲಿನ ವೇಳೆ ಮಾಸ್ಕ್ ಇರಲಿ. ಮೊದಲ ಕೊಯ್ಲಾದ ಮೇಲೆ ಒಂದು ವಾರ ಹತ್ತು ದಿನಕ್ಕೆ ಮತ್ತೊಂದು ಬೆಳೆ ಬರುತ್ತದೆ. ಹೀಗೆ ಅಲೆಯಲೆಯಾಗಿ ಬರುವ ಒಂದೊಂದು ಬೆಳೆಯೂ ಒಂದೊಂದು ಫ್ಲಶ್. ಒಂದು ಚೀಲದಿಂದ ಎರಡು ಮೂರು ಸಿಗುತ್ತವೆ. ಒಣಹುಲ್ಲಿನ ತೂಕಕ್ಕೆ ಹೋಲಿಸಿ ಹಸಿ ಅಣಬೆ ಶೇಕಡಾ ಎಷ್ಟು ಬಂತು ಎಂಬ ಲೆಕ್ಕಕ್ಕೆ ಜೈವಿಕ ದಕ್ಷತೆ ಎಂದು ಹೆಸರು. ಒಂದು ಕಿಲೋ ಹುಲ್ಲಿಗೆ 600 ಗ್ರಾಂ ಅಣಬೆ ಬಂದರೆ ಶೇ 60. ಮನೆಯ ಬೆಳೆಗೆ ಇದು ಮರ್ಯಾದೆಯ ಇಳುವರಿ. ಹಸಿ ಅಣಬೆಯಲ್ಲಿ ಶೇ 90ರಷ್ಟು ನೀರೇ ಇರುವುದರಿಂದ ಈ ಸಂಖ್ಯೆ ನೂರನ್ನು ದಾಟಿದರೂ ಅದರಲ್ಲಿ ಪವಾಡವೇನಿಲ್ಲ.

ವಿಷದ ಭಯ ಇನ್ನೂ ಹಲವರ ಮನಸ್ಸಿನಲ್ಲಿದೆ. ಕಾಡು-ಮೇಡಿನ ಅಣಬೆಗಳ ವಿಷಯದಲ್ಲಿ ಆ ಭಯ ಸರಿಯಾದದ್ದೇ. ನೋಟಕ್ಕೆ ಒಂದೇ ತೆರನಾದವುಗಳಲ್ಲಿ ಒಂದು ರುಚಿಯಾಗಿಯೂ ಇನ್ನೊಂದು ಮಾರಕವಾಗಿಯೂ ಇರಬಹುದು. ನಂಬಿಕಸ್ಥ ಕಡೆಯಿಂದ ತಂದ ಬೀಜ ಯಾವ ಜಾತಿಯದೆಂದು ಗೊತ್ತಿರುವುದರಿಂದ ಅದರಿಂದ ಎದ್ದ ಅಣಬೆಯ ಬಗ್ಗೆ ಅಂಥ ಅನುಮಾನ ಬೇಡ. ಎಚ್ಚರ ಬೇಕಾದದ್ದು ಒಂದೇ ಕಡೆ: ಚೀಲದಲ್ಲಿ ತೆಳ್ಳಗಿನ ಕಾಲಿನ, ಒಂದೆರಡು ದಿನದಲ್ಲಿ ಕಪ್ಪಾಗಿ ಶಾಯಿಯಂತೆ ಕರಗುವ ಬೇರೆ ಕೊಡೆ ಎದ್ದರೆ ಅದನ್ನು ಕಿತ್ತೆಸೆಯಬೇಕು, ತಿನ್ನಬಾರದು. ಹುಲ್ಲು ಸಿಗದ ಪಟ್ಟಣವಾಸಿಗಳಿಗೆ ಎಳೆ ಹಬ್ಬಿಸಿಟ್ಟ ಸಿದ್ಧ ಚೀಲಗಳೂ ದೊರೆಯುತ್ತವೆ. ಅದು ಅರ್ಧ ಕೃಷಿಯಷ್ಟೇ ಎಂದು ಮೂಗು ಮುರಿಯಬೇಕಿಲ್ಲ. ಗಾಳಿ-ತೇವ-ಬೆಳಕಿನ ಪಾಠ ಮೊದಲು ಕಲಿತು, ಹುಲ್ಲಿನ ಹದವನ್ನು ಆಮೇಲೆ ಕಲಿಯುವುದು ಜಾಣ ಕ್ರಮವೇ. ಇಷ್ಟು ಸುಲಭವಾದರೆ ಇದನ್ನೇ ದುಡಿಮೆ ಮಾಡಿಕೊಳ್ಳಬಾರದೇಕೆ ಎನ್ನುವವರಿಗೆ ಉತ್ತರ ಬೇರೆ. ಚಿಪ್ಪಣಬೆ ಫ್ರಿಜ್ಜಿನಲ್ಲೂ ಕೆಲವೇ ದಿನ ಬಾಳುತ್ತದೆ. ಮನೆಯ ಬೆಳೆಗೆ ಸಾಮಾನು ಕಡಿಮೆ ಸಾಕಾದದ್ದು ಅದು ಸಣ್ಣದಾಗಿರುವುದರಿಂದ. ಚೀಲ ನೂರಾದ ದಿನ ನೊಣ, ಶಾಖ, ಸೋಂಕು, ಮಾರುಕಟ್ಟೆ ನಾಲ್ಕೂ ಬೇರೆ ಪ್ರಮಾಣದಲ್ಲಿ ಎದುರು ನಿಲ್ಲುತ್ತವೆ.

ಈ ಎಲ್ಲದರಿಂದ ಖರೀದಿಗೆ ಒಂದು ಸರಳ ನಿಯಮ ಹೊರಡುತ್ತದೆ. ಮೊದಲ ಬೆಳೆಗೆ ಹಂಡೆ, ಥರ್ಮಾಮೀಟರ್, ಚೀಲ, ಸ್ಪಿರಿಟ್, ಸ್ಪ್ರೇಯರ್, ಹೈಗ್ರೋಮೀಟರ್, ತಕ್ಕಡಿ ಇಷ್ಟೇ ಇರಲಿ. ಇದರ ಜತೆ ಒಂದು ನೋಟುಪುಸ್ತಕ ಇಟ್ಟು ಹುಲ್ಲಿನ ತೂಕ, ನೀರಿನ ಕಾವು, ಬೀಜ ಹಾಕಿದ ದಿನ, ಮೊಗ್ಗು ಕಂಡ ದಿನ, ಕೊಯ್ಲಿನ ತೂಕ ಬರೆಯಬೇಕು. ಎಲ್ಲಿ ಸೋತೆವು ಎಂಬುದು ಆ ಪುಟಗಳಲ್ಲೇ ಸಿಗುತ್ತದೆ. ಹಸಿರು ಬೂಷ್ಟು ಮರುಕಳಿಸಿದರೆ ಹಣ ಒಲೆಗೂ ಥರ್ಮಾಮೀಟರಿಗೂ ಹೋಗಲಿ, ಮೊಗ್ಗು ಒಣಗಿದರೆ ತೇವದ ಏರ್ಪಾಡಿಗೆ ಹೋಗಲಿ, ತೊಟ್ಟು ಉದ್ದವಾದರೆ ಕಿಟಕಿ ತೆರೆಯಲಿ. ಅದಕ್ಕೆ ಹಣವೇ ಬೇಡ. ಯಾವ ಸೋಲಿಗೂ ಉತ್ತರವಾಗದ ಸಾಮಾನು ಎಷ್ಟೇ ಹೊಳೆಯುತ್ತಿದ್ದರೂ ಅಂಗಡಿಯಲ್ಲೇ ಇರಲಿ.